ಗಿಡದ ಊಟ ಕದಿಯುತ್ತಿರುವುದು ಯಾರು? ಲಕ್ಷಣ ನೋಡಿ ಪತ್ತೆ ಹಚ್ಚುವ ಕೈಪಿಡಿ

ಗಿಡ ಸೊರಗಿದ ತಕ್ಷಣ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಜನ ಓಡುವುದು ಔಷಧಿ ಅಂಗಡಿಗೆ. ಕೈಯಲ್ಲಿ ಒಂದು ಬಾಡಿದ ಎಲೆ, ಬಾಯಲ್ಲಿ "ಇದಕ್ಕೇನಾದ್ರೂ ಕೊಡಿ" ಅನ್ನುವ ಮಾತು. ಅಂಗಡಿಯವರು ಎರಡು ಪ್ಯಾಕೆಟ್ ಕೊಡುತ್ತಾರೆ. ಒಂದು ತಾಗಿದರೆ ಪುಣ್ಯ. ಎರಡೂ ತಾಗದಿದ್ದರೆ ದುಡ್ಡೂ ಹೋಯಿತು, ಒಂದು ವಾರವೂ ಹೋಯಿತು.

ಗಿಡದ ಊಟ ಕದಿಯುವವರಲ್ಲಿ ಎರಡು ಜಾತಿ. ಒಂದು, ಇನ್ನೊಂದು ಗಿಡದ ಮೇಲೆ ಬದುಕುವ ಪರಾವಲಂಬಿ ಗಿಡಗಳು. ಇನ್ನೊಂದು, ಶಿಲೀಂಧ್ರಗಳು. ಯಾರೇ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ಇದು ಏನನ್ನು ಕದಿಯುತ್ತಿದೆ? ಬೇರಿನಿಂದ ಮೇಲಕ್ಕೆ ಹೋಗುವ ನೀರನ್ನೇ? ಎಲೆ ಮಾಡಿದ ಸಕ್ಕರೆಯನ್ನೇ? ಅಥವಾ ಗಿಡದ ಭಾಗವನ್ನೇ ಕೊಂದು ತಿನ್ನುತ್ತಿದೆಯೇ? ನೀರು ಕದ್ದರೆ ಬಾಡುತ್ತದೆ. ಸಕ್ಕರೆ ಕದ್ದರೆ ಗಿಡ ಹಸಿರಾಗೇ ಇದ್ದು ಇಳುವರಿ ಬೀಳುತ್ತದೆ. ಕೊಂದು ತಿಂದರೆ ಚುಕ್ಕೆ, ಸುಟ್ಟ ಕಲೆ, ಕೊಳೆತ ಕಾಣುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ಪತ್ತೆ ಆದಂತೆ.

ಯಾವ ಔಷಧಿಗೂ ಮುಂಚೆ

ಮೊದಲು ಡ್ರಿಪ್ ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಡ್ರಿಪ್ ತೂತುಗಳು ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತವೆ. ಒಂದೇ ಸಾಲು ಉದ್ದಕ್ಕೂ ಬಾಡಿದ್ದರೆ ರೋಗಕ್ಕಿಂತ ಪೈಪಿನ ಮೇಲೆ ಅನುಮಾನ ಪಡಿ.

ಆಮೇಲೆ ಹೊಲವನ್ನು ದೂರದಿಂದ ನೋಡಿ. ಇಡೀ ಹೊಲ ಒಂದೇ ಸಮ ಹಳದಿಯಾಗಿದ್ದರೆ ಹೆಚ್ಚಾಗಿ ಗೊಬ್ಬರದ ಕೊರತೆ. ಅಲ್ಲಲ್ಲಿ ಗುಂಪಾಗಿ ಸೊರಗಿ, ಆ ಗುಂಪು ವಾರ ವಾರ ದೊಡ್ಡದಾಗುತ್ತಿದ್ದರೆ ಯಾವುದೋ ಜೀವಿ ಹರಡುತ್ತಿದೆ. ಎಲೆ ಮುದುಡಿದ್ದರೆ ಅಡಿಭಾಗ ತಿರುಗಿಸಿ, ಬಿಳಿನೊಣ, ಥ್ರಿಪ್ಸ್ ಇದೆಯಾ ನೋಡಿ. ಟೊಮೆಟೊ ಎಲೆ ಮುದುಡುವ ವೈರಸ್ಸನ್ನು ಬಿಳಿನೊಣ ತರುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ಸುಮ್ನೆ ದುಡ್ಡು ದಂಡ.

ಕೈಯಲ್ಲಿ ಇರಬೇಕಾದ್ದು ಇಷ್ಟೇ: ಚಾಕು, ಭೂತಗನ್ನಡಿ, ಗಾಜಿನ ಲೋಟ, ಪಾಲಿಥೀನ್ ಕವರ್, ಒಂದು ಗುದ್ದಲಿ.

ಎಲೆ ಮೇಲೆ ಬಿಳಿ ಪುಡಿ

ಬೆರಳಿಂದ ಒರೆಸಿ. ಪುಡಿ ಬೆರಳಿಗೆ ಹತ್ತಿಕೊಂಡು, ಕೆಳಗೆ ಎಲೆ ಇನ್ನೂ ಹಸಿರಾಗಿದ್ದರೆ ಅದು ಬೂದಿ ರೋಗ. ದ್ರಾಕ್ಷಿ, ಮಾವಿನ ಹೂವು, ಸೌತೆ, ಹಿಪ್ಪುನೇರಳೆ ಎಲ್ಲದಕ್ಕೂ ಬರುತ್ತದೆ. ಹಿಪ್ಪುನೇರಳೆಯಲ್ಲಿ ಮಾತ್ರ ಎಲೆ ಅಡಿಗೇ ನೋಡಬೇಕು.

ಈ ಶಿಲೀಂಧ್ರದ ಎಳೆಗಳು ಎಲೆಯ ಹೊರಮೈ ಮೇಲೇ ಹರಡಿರುತ್ತವೆ. ಹೆಚ್ಚಿನ ಜಾತಿಗಳು ಎಲೆಯ ಹೊರಪದರದ ಜೀವಕೋಶಗಳೊಳಗೆ ಮಾತ್ರ ಒಂದೊಂದು ಸಣ್ಣ ಹೀರುವ ಅಂಗ ಇಳಿಸುತ್ತವೆ. ಹಾಸ್ಟೋರಿಯಂ ಅನ್ನುತ್ತಾರೆ. ವಿಚಿತ್ರ ಅಂದರೆ ಅದು ಜೀವಕೋಶವನ್ನು ಒಡೆಯುವುದಿಲ್ಲ. ಕೋಶದ ಒಳಪೊರೆಯನ್ನು ಒಳಕ್ಕೆ ತಳ್ಳಿಕೊಂಡು ಕೂರುತ್ತದೆ, ಆ ಪೊರೆ ಮೂಲಕ ಸಕ್ಕರೆ ಎಳೆದುಕೊಳ್ಳುತ್ತದೆ. ಕೋಶ ಸತ್ತರೆ ಇದಕ್ಕೂ ಊಟ ಇಲ್ಲ. ಆದ್ದರಿಂದ ಎಲೆಯನ್ನು ಬದುಕಿಸಿಟ್ಟೇ ತಿನ್ನುತ್ತದೆ. ರೈತರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದೂ ಅದಕ್ಕೇ. ಎಲೆ ಹಸಿರಾಗೇ ಇದೆಯಲ್ಲ, ಏನಾಗುತ್ತೆ ಅಂತ. ನಷ್ಟ ಎಲೆಯಲ್ಲಿ ಕಾಣುವುದಿಲ್ಲ, ದ್ರಾಕ್ಷಿ ಗೊಂಚಲಿನಲ್ಲಿ ಕಾಣುತ್ತದೆ.

ಅಗ್ಗದ ಕೆಲಸ ಮೊದಲು. ದಟ್ಟ ಕೊಂಬೆ ತೆಗೆದು ಗಾಳಿ, ಬೆಳಕು ಆಡುವಂತೆ ಮಾಡಿ. ಹೆಚ್ಚು ಪುಡಿ ಹಿಡಿದ ಎಲೆ ಕಿತ್ತು ಸುಡಿ. ಸಾಲದಿದ್ದರೆ ನೀರಿನಲ್ಲಿ ಕರಗುವ ಗಂಧಕ. ಲೇಬಲ್ ಹೇಳಿದ ಪ್ರಮಾಣ ಮೀರಬೇಡಿ, ಸುಡುಬಿಸಿಲಿನಲ್ಲಿ ಹೊಡೆಯಬೇಡಿ. ಬಿಸಿಲು ಜೋರಿದ್ದಾಗ ಗಂಧಕವೇ ಎಲೆ ಸುಡುತ್ತದೆ. ಸೌತೆ, ಕುಂಬಳ ಜಾತಿಯ ಬಳ್ಳಿಗಳು ಇದನ್ನು ತಡೆಯುವುದು ಇನ್ನೂ ಕಡಿಮೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ರೈತರಿಗೆ ಒಂದು ಮಾತು. ಸಿಂಪಡಿಸಿದ ಮೇಲೆ ಎಷ್ಟು ದಿನ ಬಿಟ್ಟು ಹುಳುವಿಗೆ ಸೊಪ್ಪು ಹಾಕಬೇಕು ಅನ್ನುವುದನ್ನು ರೇಷ್ಮೆ ಇಲಾಖೆಯಲ್ಲಿ ಕೇಳಿಕೊಳ್ಳದೆ ಪಂಪ್ ಹೆಗಲಿಗೆ ಏರಿಸಬೇಡಿ. ಗಿಡದ ರೋಗ ವಾಸಿಯಾಗಿ ಹುಳು ಸತ್ತರೆ ಯಾರಿಗೆ ಲಾಭ?

ಬಿಳಿ ಎಲೆಯ ಅಡಿಗೆ ಮಾತ್ರ ಇದ್ದು, ಅದೇ ಜಾಗದಲ್ಲಿ ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಮಚ್ಚೆ ಇದ್ದರೆ ಅದು ಬೇರೆಯೇ. ಬೂಜು ತುಪ್ಪಟ ರೋಗ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಮೋಡ, ತುಂತುರು ಹಿಡಿದಾಗ ಬರುವುದು ಇದೇ. ಅನುಮಾನ ಇದ್ದರೆ ಅಂಥ ಎಲೆಯನ್ನು ಒದ್ದೆ ಕಾಗದದ ಜೊತೆ ಕವರ್‌ನಲ್ಲಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಗ್ಗೆ ಮಚ್ಚೆಯ ಅಡಿಗೆ ಬಿಳಿ ತುಪ್ಪಟ ಎದ್ದಿದ್ದರೆ ಖಾತ್ರಿ. ವಿಜ್ಞಾನದ ಲೆಕ್ಕದಲ್ಲಿ ಇದು ನಿಜವಾದ ಶಿಲೀಂಧ್ರ ಅಲ್ಲ, ಪಾಚಿಗೆ ಹತ್ತಿರದ ನೆಂಟ. ಇದು ಬರೀ ಪಂಡಿತರ ಜಗಳ ಅಲ್ಲ. ಬೂದಿ ರೋಗಕ್ಕೆ ಕೆಲಸ ಮಾಡುವ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಇದಕ್ಕೆ ತಾಗುವುದೇ ಇಲ್ಲ. ಇದಕ್ಕೆ ಬೋರ್ಡೋ ದ್ರಾವಣ ಹಳೆಯ ಮದ್ದು, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದೇ ಈ ರೋಗಕ್ಕಾಗಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿ. ಆದ ಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಎಲೆ ಅಡಿಗೆ ತುಕ್ಕಿನ ಪುಡಿ

ಇದು ತುಕ್ಕು ರೋಗ. ಕಡಲೆಕಾಯಿ, ಹುರುಳಿಕಾಯಿಯಲ್ಲಿ ಕಾಣುತ್ತದೆ. ಸಣ್ಣ ಗುಳ್ಳೆ ಒಡೆದು ಕಂದು ಪುಡಿ ಉದುರುತ್ತದೆ. ಇದೂ ಬದುಕಿಸಿಟ್ಟು ತಿನ್ನುವ ಜಾತಿ. ಭೂತಗನ್ನಡಿ ಹಿಡಿದು ಹಳದಿಯಾದ ಎಲೆ ನೋಡಿ: ಕೆಲವೊಮ್ಮೆ ಸುತ್ತ ಎಲ್ಲ ಹಣ್ಣಾಗಿದ್ದರೂ ಗುಳ್ಳೆಯ ಸುತ್ತ ಮಾತ್ರ ಹಸಿರು ಉಂಗುರ ಉಳಿದಿರುತ್ತದೆ. ತನ್ನ ಊಟದ ತಟ್ಟೆ ಒಣಗದಂತೆ ಶಿಲೀಂಧ್ರವೇ ಕಾಯ್ದುಕೊಂಡಿರುತ್ತದೆ. ಕೊಯ್ಲಿಗೆ ಹತ್ತಿರ ಇದ್ದರೆ ಖರ್ಚು ಮಾಡಬೇಡಿ. ಬೆಳೆ ಎಳೆಯದಿದ್ದರೆ ಮಾತ್ರ ಮದ್ದಿನ ಯೋಚನೆ.

ಗಿಡದ ಮೇಲೆ ಹಳದಿ ದಾರ ಸುತ್ತಿದಂತೆ

ಇದನ್ನು ಗುರುತಿಸಲು ಯಾರೂ ಬೇಕಿಲ್ಲ. ಎಲೆ ಇಲ್ಲ, ನೆಲಕ್ಕೆ ಬೇರಿಲ್ಲ, ಹಳದಿ ಅಥವಾ ಕಿತ್ತಳೆ ಬಣ್ಣದ ಶಾವಿಗೆ ಎಳೆ ಗಿಡದಿಂದ ಗಿಡಕ್ಕೆ ಹಬ್ಬಿರುತ್ತದೆ. ಆಕಾಶಬಳ್ಳಿ, ಕಸ್ಕ್ಯುಟಾ. ಮೇವಿಗೆ ಹಾಕಿದ ಕುದುರೆ ಮಸಾಲೆ ಸೊಪ್ಪಿನಲ್ಲಿ, ಹುಚ್ಚೆಳ್ಳಿನಲ್ಲಿ, ಊರೊಳಗೆ ಬೇಲಿ ಗಿಡಗಳ ಮೇಲೆ ನೋಡಿರುತ್ತೀರಿ.

ಒಂದು ಎಳೆ ನಿಧಾನಕ್ಕೆ ಬಿಡಿಸಿ. ಗಿಡದ ಕಡ್ಡಿಗೆ ತಾಗಿದ ಕಡೆ ಸಾಲಾಗಿ ಸಣ್ಣ ಗುಬುಟು ಕಾಣುತ್ತವೆ. ಅವೇ ಹೀರುವ ಬೇರು. ಕಡ್ಡಿಯ ಒಳಗೆ ಸಕ್ಕರೆ ಹರಿಯುವ ನಾಳಕ್ಕೂ ನೀರಿನ ನಾಳಕ್ಕೂ ಎರಡಕ್ಕೂ ಕೈ ಹಾಕಿರುತ್ತವೆ. ಇದರ ಮೊಳಕೆಗೆ ಸ್ವಂತ ಆಹಾರ ಕೆಲವೇ ದಿನಕ್ಕೆ. ಅಷ್ಟರಲ್ಲಿ ಗಿಡ ಸಿಗದಿದ್ದರೆ ಸಾಯುತ್ತದೆ. ಹಾಗಂತ ಕುರುಡಾಗಿ ಹುಡುಕುವುದಿಲ್ಲ. ಟೊಮೆಟೊ ಗಿಡದ ವಾಸನೆ ಹಿಡಿದು ಅದರ ಕಡೆಗೇ ಬೆಳೆಯುತ್ತದೆ ಅಂತ ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು.

ಎಳೆ ಕಿತ್ತು ಬದುವಿಗೆ ಬಿಸಾಕಿದರೆ ಅಲ್ಲೂ ಹಬ್ಬುತ್ತದೆ. ಕಡ್ಡಿಗೆ ಅಂಟಿದ ತುಂಡು ಉಳಿದರೂ ಚಿಗುರುತ್ತದೆ. ಆದ್ದರಿಂದ ಬಳ್ಳಿ ಬಿಡಿಸುತ್ತಾ ಕೂರಬೇಡಿ, ಹಿಡಿದ ಗಿಡದ ಸಮೇತ ನೆಲಕ್ಕೆ ಕೊಯ್ದು ಅಲ್ಲೇ ಒಣಗಿಸಿ ಸುಡಿ. ಹೂ ಬಿಡುವ ಮುಂಚೆ ಮಾಡಬೇಕು. ಬೀಜ ಬಿದ್ದರೆ ಮಣ್ಣಿನಲ್ಲಿ ಹತ್ತು ವರ್ಷ ದಾಟಿದರೂ ಬದುಕಿರಬಲ್ಲದು. ಬೀಜ ಕಟ್ಟಿದ ಸೊಪ್ಪನ್ನು ದನಕ್ಕೆ ಹಾಕಿದರೆ ಸಗಣಿ ಗೊಬ್ಬರದಲ್ಲಿ ಮತ್ತೆ ಹೊಲಕ್ಕೇ ಬರಬಹುದು. ಮುಂದಿನ ಸಲ ಮೇವಿನ ಬೀಜ ಕೊಳ್ಳುವಾಗ ಕಸ್ಕ್ಯುಟಾ ಇಲ್ಲದ ಬೀಜ ಅಂತ ಕೇಳಿಯೇ ಕೊಳ್ಳಿ.

ಮಾವಿನ ಮರದಲ್ಲಿ ಬೇರೆ ಜಾತಿಯ ಪೊದೆ

ಶ್ರೀನಿವಾಸಪುರದ ಹಳೇ ಮಾವಿನ ತೋಪುಗಳಲ್ಲಿ ತಲೆ ಎತ್ತಿ ನೋಡಿದರೆ ಸಾಕು. ಕೊಂಬೆ ನಡುವೆ ದಪ್ಪ, ಬೂದುಹಸಿರು ಎಲೆಯ ಪೊದೆ, ಕೊಳವೆಯಂಥ ಕೆಂಪುಗಿತ್ತಳೆ ಹೂವು. ಎಲೆ ಕಿವುಚಿ ಮೂಸಿ, ಮಾವಿನ ವಾಸನೆ ಇರುವುದಿಲ್ಲ. ಇದು ಬಂದಳಿಕೆ, ಕೆಲವರು ಬದನಿಕೆ ಅನ್ನುತ್ತಾರೆ. ಹೊಂಗೆ, ಸಪೋಟ, ಬೇವು, ದಾಳಿಂಬೆ ಮೇಲೂ ಕೂರುತ್ತದೆ.

ಎಲೆ ಹಸಿರಾಗಿದೆ ಅಂದರೆ ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ ಅಂತ ಅರ್ಥ. ಹಾಗಾದರೆ ಮರಕ್ಕೇನು ನಷ್ಟ ಅಂತ ಕೇಳುವವರಿದ್ದಾರೆ. ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಕದಿಯುತ್ತಾರಲ್ಲ, ಹಾಗೆ ಇದು ಮರದ ನೀರಿನ ನಾಳಕ್ಕೆ ಕೊಕ್ಕೆ ಹಾಕಿರುತ್ತದೆ. ನೀರೂ ಅದರಲ್ಲಿ ಕರಗಿದ ಖನಿಜಗಳೂ ಇದರ ಪಾಲು. ಮರ ಬಿಸಿಲಿಗೆ ಎಲೆಯ ರಂಧ್ರ ಮುಚ್ಚಿಕೊಂಡು ನೀರು ಉಳಿಸಲು ನೋಡುತ್ತಿದ್ದರೆ ಇದು ತೆರೆದುಕೊಂಡೇ ಇರುತ್ತದೆ. ಎಳೆಯುವ ಶಕ್ತಿ ಇದಕ್ಕೇ ಜಾಸ್ತಿ. ಆದ್ದರಿಂದ ಪೊದೆ ಕೂತ ಜಾಗದಿಂದ ಆಚೆಗಿನ ಕೊಂಬೆ ತುದಿ ಮೊದಲು ಬಡವಾಗುತ್ತದೆ, ಹೂ ನಿಲ್ಲುತ್ತದೆ, ಒಣಗುತ್ತದೆ.

ಕೊಂಬೆಗೆ ಸೇರಿದ ಜಾಗ ಗಂಟಿನಂತೆ ಊದಿರುತ್ತದೆ. ಅಲ್ಲಿಗೆ ನಿಲ್ಲಿಸದೆ ಅಕ್ಕಪಕ್ಕ ನೋಡಿ. ತೊಗಟೆ ಮೇಲೆ ಹಗ್ಗದಂಥ ಬೇರುಗಳು ಹರಿದು, ಮಧ್ಯೆ ಮಧ್ಯೆ ಮತ್ತೆ ಕೊಂಬೆಗೆ ನಾಟಿಕೊಂಡಿರುತ್ತವೆ. ಪೊದೆ ಮಾತ್ರ ಕತ್ತರಿಸಿದರೆ ಮುಂದಿನ ಮಳೆಗೆ ಅದು ಮತ್ತೆ ಹಾಜರ್, ಯಾಕೆಂದರೆ ಒಳಗಿನ ಭಾಗ ಹಾಗೇ ಇದೆ.

ಸಣ್ಣ ಕೊಂಬೆಯಾದರೆ ಗಂಟಿನಿಂದ, ಮತ್ತು ಕೊನೆಯ ಹರಿದಾಡುವ ಬೇರಿನಿಂದ, ಕಾಂಡದ ಕಡೆಗೆ ಒಂದು ಅಡಿ ಬಿಟ್ಟು ಕೊಂಬೆಯನ್ನೇ ಕತ್ತರಿಸಿ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ದೊಡ್ಡ ಕೊಂಬೆ ಅಥವಾ ಕಾಂಡದ ಮೇಲೆ ಕೂತಿದ್ದರೆ ಪೊದೆಯನ್ನು ತೊಗಟೆಗೆ ಸಮ ಮಾಡಿ ಕತ್ತರಿಸಿ, ಮೇಲೆ ಬೆಳಕು ಹೋಗದಂತೆ ಕಪ್ಪು ಪಾಲಿಥೀನ್ ಬಿಗಿದು ಕಟ್ಟಿ. ಚಿಗುರಿದರೆ ಮತ್ತೆ ಅದೇ ಕೆಲಸ. ತಾಳ್ಮೆ ಬೇಕು. ಡೀಸೆಲ್, ಕಳೆನಾಶಕ ಬಳಿಯುವ ಸಾಹಸ ನನಗೆ ಸರಿಬರುವುದಿಲ್ಲ. ನಾಳ ಎರಡಕ್ಕೂ ಒಂದೇ, ಕಳ್ಳನಿಗೆ ಹಾಕಿದ ವಿಷ ಮನೆಯವರ ತಟ್ಟೆಗೂ ಬರಬಹುದು.

ಕಾಯಿ ಹಣ್ಣಾಗುವ ಮುಂಚೆ ಕತ್ತರಿಸುವುದು ಮುಖ್ಯ. ಪುಟ್ಟ ಹಕ್ಕಿಗಳು ಹಣ್ಣು ತಿಂದು, ಅಂಟು ಹತ್ತಿದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತವೆ. ಪಕ್ಕದ ತೋಪಿನವರೂ ಕತ್ತರಿಸದಿದ್ದರೆ ನಿಮ್ಮ ಕೆಲಸ ಮುಗಿಯುವುದಿಲ್ಲ, ಅವರನ್ನೂ ಒಪ್ಪಿಸಿ.

ಎಚ್ಚರ: ಮರದ ಮೇಲೆ ಅಥವಾ ಪಕ್ಕದಲ್ಲಿ ಕರೆಂಟ್ ಲೈನ್ ಹೋಗಿದ್ದರೆ ಹಸಿ ಬಿದಿರು, ಅಲ್ಯುಮಿನಿಯಂ ದೋಟಿ ಎತ್ತಲೇಬೇಡಿ. ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ.

ಸುಟ್ಟ ಕಲೆ, ಉಂಗುರದ ಚುಕ್ಕೆ

ಇವು ಕೊಂದು ತಿನ್ನುವವರ ಗುರುತು. ಟೊಮೆಟೊದ ಕೆಳಗಿನ ಹಳೇ ಎಲೆಯಲ್ಲಿ ಒಂದರೊಳಗೊಂದು ಉಂಗುರವಿರುವ ಕಂದು ಚುಕ್ಕೆ ಬಂದರೆ ಆಲ್ಟರ್ನೇರಿಯಾ ಶಿಲೀಂಧ್ರ, ಮೊದಲ ಅಂಗಮಾರಿ ರೋಗ. ವಿಷ ಮತ್ತು ಕಿಣ್ವ ಬಿಟ್ಟು ಕೋಶ ಕೊಂದು, ಸೋರಿದ ರಸ ಕುಡಿಯುತ್ತದೆ. ಚುಕ್ಕೆ ಸುತ್ತ ಹಳದಿ ಅಂಚು ಇರುವುದು ಆ ವಿಷದ ಹರವು. ಕೆಳಗಿನ ಎಲೆ ಕಿತ್ತು, ಗಿಡವನ್ನು ಕಡ್ಡಿಗೆ ಎತ್ತಿ ಕಟ್ಟಿ, ಮಣ್ಣು ಸಿಡಿಯದಂತೆ ಮಾಡಿದರೆ ಅರ್ಧ ಹಿಡಿತಕ್ಕೆ ಬರುತ್ತದೆ. ಉಂಗುರ ಇಲ್ಲದೆ, ನೀರು ನೆನೆದಂಥ ಕಪ್ಪು ಕಲೆ ಮೋಡದ ವಾತಾವರಣದಲ್ಲಿ ಎರಡು ಮೂರು ದಿನಕ್ಕೆ ಹೊಲವೆಲ್ಲ ಹರಡಿದರೆ ಅದು ಕೊನೆಯ ಅಂಗಮಾರಿ. ಅಲ್ಲಿ ಕಾಯಬೇಡಿ, ಅದೇ ದಿನ ಸಲಹೆ ಕೇಳಿ.

ರಾಗಿಯ ಬೆಂಕಿ ರೋಗ ಎರಡೂ ಕಡೆಯವನು. ಮೊದಲು ಬದುಕಿಸಿಟ್ಟು ತಿಂದು, ಆಮೇಲೆ ಕೊಲ್ಲುತ್ತಾನೆ. ಎಲೆಯಲ್ಲಿ ನೂಲುವ ಕದಿರಿನ ಆಕಾರದ, ನಡುವೆ ಬೂದು, ಅಂಚು ಕಂದು ಇರುವ ಚುಕ್ಕೆ. ಈತನ ಒಳನುಗ್ಗುವ ಬಲ ದೊಡ್ಡದು: ಭತ್ತದ ಬೆಂಕಿ ರೋಗದ ಶಿಲೀಂಧ್ರ ಎಲೆ ಚುಚ್ಚಲು ಕಟ್ಟಿಕೊಳ್ಳುವ ಒತ್ತಡ ಸುಮಾರು 8 ಮೆಗಾಪಾಸ್ಕಲ್ ತನಕ ಹೋಗುತ್ತದೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 80 ಪಟ್ಟು. ರಾಗಿಯ ರೋಗವೂ ಅದೇ ಕುಲದ್ದು. ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ತೆನೆ ಹಿಸುಕಿ ನೋಡಿ, ಕಾಳು ಜೊಳ್ಳಾಗಿರುತ್ತದೆ. ಊಟ ಹೋಗುವ ದಾರಿಯೇ ಅಲ್ಲಿ ಕಟ್ಟಾಗಿದೆ. ಆ ಹಂತದಲ್ಲಿ ಔಷಧಿ ಹೊಡೆದು ತುಂಬಿಸಲು ಆಗದು. ಮುಂದಿನ ವರ್ಷಕ್ಕೆ ಬೀಜೋಪಚಾರ, ಬೆಂಕಿ ರೋಗ ತಡೆಯುವ ಜಿಪಿಯು-28ರಂಥ ತಳಿ, ಮತ್ತು ಯೂರಿಯಾದಲ್ಲಿ ಮಿತ. ಯೂರಿಯಾ ಜಾಸ್ತಿಯಾದಷ್ಟೂ ಈ ರೋಗಕ್ಕೆ ಹಬ್ಬ.

ನೀರಿದ್ದರೂ ಮಧ್ಯಾಹ್ನ ಬಾಡುವ ಗಿಡ

ಇಲ್ಲಿ ಜನ ಮಾಡುವುದು ಒಂದೇ ಕೆಲಸ, ಇನ್ನಷ್ಟು ನೀರು ಬಿಡುವುದು. ನಿಲ್ಲಿಸಿ. ಮಣ್ಣು ಮುಟ್ಟಿ ನೋಡಿ. ತೇವ ಇದ್ದೂ ಬಾಡಿದರೆ ನಾಳವೇ ಕಟ್ಟಿಕೊಂಡಿರಬೇಕು, ಇಲ್ಲ ಬೇರು ಹೋಗಿರಬೇಕು.

ಅರ್ಧ ಬಾಡಿದ ಒಂದು ಗಿಡ ಬೇರು ಸಮೇತ ಕೀಳಿ. ಬೇರಿನಲ್ಲಿ ಮಣಿಯಂಥ ಗಂಟುಗಳಿದ್ದರೆ ಅದು ಜಂತುಹುಳು, ಶಿಲೀಂಧ್ರ ಅಲ್ಲ. ಗಂಟು ಇಲ್ಲದಿದ್ದರೆ ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ. ತೊಗಟೆಯ ಒಳಗೆ ಕಂದು ಗೆರೆ ಕಂಡರೆ ನಾಳಕ್ಕೆ ಯಾರೋ ಹೊಕ್ಕಿದ್ದಾರೆ. ಈಗ ಗಾಜಿನ ಲೋಟದ ಪರೀಕ್ಷೆ. ಎರಡು ಇಂಚು ಕಾಂಡ ಕತ್ತರಿಸಿ, ತುದಿ ಮಾತ್ರ ತಿಳಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ನೀರಿಗೆ ಇಳಿದರೆ ಬ್ಯಾಕ್ಟೀರಿಯಾದ ಸೊರಗು. ಏನೂ ಇಳಿಯದೆ, ಕಂದು ಗೆರೆ ಇದ್ದು, ಎಲೆಗಳು ಕೆಳಗಿನಿಂದ, ಎಷ್ಟೋ ಸಲ ಒಂದೇ ಮಗ್ಗುಲಲ್ಲಿ, ಹಳದಿಯಾಗುತ್ತಾ ಬಂದಿದ್ದರೆ ಫ್ಯುಸೇರಿಯಂ ಸೊರಗು.

ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳದಲ್ಲೇ ಮನೆ ಮಾಡುತ್ತದೆ. ಅದನ್ನು ತಡೆಯಲು ಗಿಡವೂ ನಾಳದೊಳಗೆ ಅಂಟು ತುಂಬುತ್ತದೆ. ಇಬ್ಬರ ಜಗಳದಲ್ಲಿ ನಾಳ ಪೂರ್ತಿ ಕಟ್ಟುತ್ತದೆ. ಹೀಗೆ ಬಾಡಿದ ಗಿಡವನ್ನು ಉಳಿಸುವ ಮದ್ದು ಇಲ್ಲ. ಇದೆ ಅಂದವರನ್ನು ನಂಬಬೇಡಿ. ಕಿತ್ತು ಸುಡಿ, ಆ ಗುಂಡಿಯ ಮಣ್ಣನ್ನು ಬೇರೆ ಕಡೆ ಎಳೆಯಬೇಡಿ, ಪಕ್ಕದ ಗಿಡಗಳಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಡಿ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಟೊಮೆಟೊ ಮೇಲೆ ಟೊಮೆಟೊ ಹಾಕದೆ ರಾಗಿ, ಜೋಳ ತಿರುಗಿಸಿ.

ಪಾವಗಡ, ಶಿರಾ ಕಡೆ ದಾಳಿಂಬೆಯ ಒಂದು ಕೊಂಬೆ ಹಳದಿಯಾಗಿ ಆಮೇಲೆ ಇಡೀ ಗಿಡ ಒಣಗಿದರೆ ಬುಡವನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಮರದಲ್ಲಿ ಬೂದುಗಪ್ಪು ಕಲೆ ಕಂಡರೆ ಸೆರಟೊಸಿಸ್ಟಿಸ್ ಅನ್ನುವ ಶಿಲೀಂಧ್ರದ ಸೊರಗು ಇರಬಹುದು. ಪ್ರಯೋಗಾಲಯದ ಖಾತ್ರಿ ಬೇಕು. ಅದೇ ಕತ್ತರಿಯಿಂದ ಮುಂದಿನ ಗಿಡ ಸವರಬೇಡಿ, ಮೊದಲು ಸ್ಪಿರಿಟ್‌ನಲ್ಲಿ ಒರೆಸಿ.

ಬುಡದಲ್ಲಿ ಎಲೆಯಿಲ್ಲದ ಹೂವಿನ ಕಡ್ಡಿ

ಟೊಮೆಟೊ, ಬದನೆ, ತಂಬಾಕಿನ ಬುಡದಲ್ಲಿ ಹಸಿರೇ ಇಲ್ಲದ, ನೇರಳೆ ಬಿಳಿ ಹೂವಿನ ಕಡ್ಡಿ ಎದ್ದರೆ ಒರೊಬ್ಯಾಂಕಿ. ನಮ್ಮಲ್ಲಿ ಅಪರೂಪ, ಹುಣಸೂರಿನ ತಂಬಾಕಿನ ಕಡೆ ಚಿರಪರಿಚಿತ. ಜೋಳದ ಸಾಲಿನಲ್ಲಿ ಪುಟ್ಟ ಬಿಳಿ ಹೂವಿನ ಹಸಿರು ಗಿಡಗಳಿದ್ದು ಜೋಳ ಮಾತ್ರ ಸೊರಗಿದ್ದರೆ ಸ್ಟ್ರೈಗಾ. ಎರಡೂ ಬೇರಿನ ಕಳ್ಳರು, ನೆಲದ ಮೇಲೆ ಕಾಣುವ ಹೊತ್ತಿಗೆ ಒಳಗೆ ವಾರಗಟ್ಟಲೆ ತಿಂದಾಗಿರುತ್ತದೆ.

ಇವುಗಳ ಧೂಳಿನಂಥ ಬೀಜ ವರ್ಷಗಟ್ಟಲೆ ಮಲಗಿರುತ್ತದೆ. ಬೇರು ಬಿಡುವ ಒಂದು ರಾಸಾಯನಿಕದ ಸುಳಿವು ಸಿಕ್ಕಿದಾಗ ಮಾತ್ರ ಮೊಳೆಯುತ್ತದೆ. ತಮಾಷೆ ಅಂದರೆ ಗಿಡ ಆ ರಾಸಾಯನಿಕ ಬಿಡುವುದು ಕಳ್ಳನಿಗಾಗಿ ಅಲ್ಲ. ರಂಜಕ ತಂದುಕೊಡುವ ಒಳ್ಳೆಯ ಬೇರುಶಿಲೀಂಧ್ರವನ್ನು ಕರೆಯಲು. ಅದು ಗೊತ್ತಾಗಿದ್ದು 2005ರಲ್ಲಿ. ರಂಜಕ ಕಡಿಮೆ ಇದ್ದ ಮಣ್ಣಿನಲ್ಲಿ ಗಿಡ ಜೋರಾಗಿ ಕರೆಯುತ್ತದೆ, ಕಳ್ಳನೂ ಕೇಳಿಸಿಕೊಳ್ಳುತ್ತಾನೆ. ಬಡ ಹೊಲದಲ್ಲಿ ಸ್ಟ್ರೈಗಾ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಮೊದಲು ಗೊಬ್ಬರ ಸರಿ ಮಾಡಿ. ಕಡಲೆಕಾಯಿ, ಅಲಸಂದೆ ತಿರುಗಿಸಿ: ಅವುಗಳ ಬೇರಿನ ಸುಳಿವಿಗೆ ಸ್ಟ್ರೈಗಾ ಮೊಳೆತು, ಕಚ್ಚಲು ಆಗದೆ ಸಾಯುತ್ತದೆ. ಹೂ ಬಿಡುವ ಮುಂಚೆ ಕಿತ್ತು ಚೀಲದಲ್ಲಿ ತುಂಬಿ ಸುಡಿ, ತಿಪ್ಪೆಗೆ ಹಾಕಬೇಡಿ.

ತೆಂಗಿನ ಬುಡದಿಂದ ಕಂದು ರಸ, ಕಡೆಗೆ ಅಣಬೆ

ತಿಪಟೂರು, ತುರುವೇಕೆರೆ ಕಡೆ ಅಣಬೆ ರೋಗ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಣಬೆ ಬರುವುದು ಕೊನೆಗೆ. ಮೊದಲು ಹೊರಗಿನ ಗರಿಗಳು ಹಳದಿಯಾಗಿ ಜೋತು ಬೀಳುತ್ತವೆ, ಬುಡದ ಬಿರುಕಿನಿಂದ ಕೆಂಪುಗಂದು ರಸ ಒಸರುತ್ತದೆ. ಗ್ಯಾನೋಡರ್ಮಾ ಮರದ ಗಟ್ಟಿ ನಾರನ್ನೇ ಕರಗಿಸಿ ತಿನ್ನುವ ಶಿಲೀಂಧ್ರ. ರಸ ಕಂಡಾಗಲೇ ಕೆಲಸ ಶುರುವಾಗಬೇಕು. ಹಿಡಿದ ಮರದಿಂದ ಆಚೆ ಮರಕ್ಕೆ ನೀರು ಹರಿಯಬಾರದು, ಪಾತಿ ಬೇರೆ ಮಾಡಿ. ಮರದ ಸುತ್ತ ಸುಮಾರು 2 ಅಡಿ ಆಳ, 1 ಅಡಿ ಅಗಲದ ಕಾಲುವೆ ತೆಗೆದು ಬೇರಿನ ಸಂಪರ್ಕ ಕಡಿಯಿರಿ. ವರ್ಷಕ್ಕೆ ಮರಕ್ಕೆ 5 ಕಿಲೋ ಬೇವಿನ ಹಿಂಡಿ, ಟ್ರೈಕೋಡರ್ಮಾ ಜೊತೆ. ಬೇರಿನ ಮೂಲಕ ಔಷಧಿ ಕೊಡುವುದಿದ್ದರೆ ತಜ್ಞರನ್ನು ಕೇಳಿ, ಅವರು ಹೇಳಿದಷ್ಟು ದಿನ ಎಳನೀರು ಇಳಿಸಬೇಡಿ. ಬುಡ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಮರ ಯಾರೂ ಹತ್ತಬಾರದು.

ಶ್ರೀಗಂಧವೇ ಹಳದಿಯಾದಾಗ

ಇಲ್ಲಿ ಕಥೆ ತಿರುಗುಮುರುಗು. 2001ರಲ್ಲಿ ಕಾನೂನು ತಿದ್ದಿ ಶ್ರೀಗಂಧದ ಮರ ಜಮೀನಿನವರಿಗೇ ಸೇರುವಂತೆ ಮಾಡಿದ ನಂತರ ನಮ್ಮ ಮೂರೂ ಜಿಲ್ಲೆಗಳಲ್ಲಿ ಶ್ರೀಗಂಧ ನೆಟ್ಟವರು ಬಹಳ. ಶ್ರೀಗಂಧ ಸ್ವತಃ ಬೇರಿನ ಪರಾವಲಂಬಿ. ಎಲೆ ಸಣ್ಣದಾಗಿ ಹಳದಿಯಾದರೆ ಗೊಬ್ಬರ ಸುರಿಯುವ ಮುಂಚೆ ಪಕ್ಕದಲ್ಲಿ ಆಸರೆ ಗಿಡ ಇದೆಯಾ ನೋಡಿ. ಕಳೆ ಅಂತ ತೊಗರಿ, ಹೊನಗೊನೆ ಎಲ್ಲ ಕಿತ್ತು ಸ್ವಚ್ಛ ಮಾಡಿದವರ ತೋಟದಲ್ಲೇ ಈ ತೊಂದರೆ ಜಾಸ್ತಿ. ಸದ್ಯಕ್ಕೆ ತೊಗರಿ, ಮುಂದಕ್ಕೆ ಹೊಂಗೆ, ಸರ್ವೆ, ಅಗಸೆ ಮರದಂಥವು ಹತ್ತಿರ ಇರಲಿ. ದಾಳಿಂಬೆ ಸಾಲಿನ ಮಗ್ಗುಲಲ್ಲೇ ಶ್ರೀಗಂಧ ನೆಟ್ಟು ದಾಳಿಂಬೆ ಯಾಕೆ ಸೊರಗಿತು ಅಂತ ಕೇಳಬೇಡಿ.

ಎಲೆಗಳು ಚಿಕ್ಕದಾಗಿ, ಗಟ್ಟಿಯಾಗಿ, ಕಡ್ಡಿಯ ಸುತ್ತ ಒತ್ತಾಗಿ ನಿಗುರಿದ್ದರೆ ಅದು ಹಸಿವಲ್ಲ, ಸ್ಪೈಕ್ ರೋಗ. ಫೈಟೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುತ್ತದೆ, ಮದ್ದಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಕೀಳಿ.

ಯಾವಾಗ ನಿಲ್ಲಿಸಿ ತಜ್ಞರ ಹತ್ತಿರ ಹೋಗಬೇಕು

ಎರಡು ಸಲ ಹೊಡೆದೂ ಹರಡುವುದು ನಿಲ್ಲದಿದ್ದರೆ ಮೂರನೇ ಪ್ಯಾಕೆಟ್ ಕೊಳ್ಳಬೇಡಿ. ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರು, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರು ಹತ್ತಿರದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551. ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಅದರ ಮೇಲೆ ಬೇರೆ ಹತ್ತು ಬೂಷ್ಟು ಬೆಳೆದಿರುತ್ತದೆ. ಅರ್ಧ ಸೊರಗಿದ್ದು ಒಂದು, ಚೆನ್ನಾಗಿರುವುದು ಒಂದು, ಬೇರು ಮಣ್ಣಿನ ಸಮೇತ, ಪೇಪರಿನಲ್ಲಿ ಸುತ್ತಿ. ಯಾವ ಔಷಧಿ ಯಾವಾಗ ಹೊಡೆದಿರಿ ಅನ್ನುವ ಚೀಟಿ ಜೊತೆಗಿರಲಿ.

ಡಬ್ಬಿ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತಲ್ಲ. ಕೈಯಿಂದ ಕಲಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಮಧ್ಯೆ ಬೀಡಿ, ಎಲೆ ಅಡಿಕೆ ಬೇಡ. ಹೊಡೆಯುವಾಗ ತಲೆಸುತ್ತು, ವಾಂತಿ, ಕಣ್ಣು ಮಂಜು ಬಂದರೆ ಪಂಪ್ ಇಳಿಸಿ, ಬಟ್ಟೆ ಬಿಚ್ಚಿ ಸೋಪು ಹಾಕಿ ಮೈ ತೊಳೆದು, 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆಸ್ಪತ್ರೆಗೆ ಹೋಗುವಾಗ ಔಷಧಿಯ ಡಬ್ಬಿ, ಲೇಬಲ್ ಸಮೇತ ತೆಗೆದುಕೊಂಡು ಹೋಗಿ.